ಕಾರಿಡಾರಿನ ಆ ತುದಿಯ ಭಾಷೆ

ಇಂಜಿನಿಯರಿಂಗ್ ಓದುವಾಗ ನನ್ನ ರೂಮ್‌ಮೇಟ್ ಮುಂಡರಗಿ ಕಡೆಯ ಒಂದು ತಾಂಡಾದವನು. ಮನೆಯಿಂದ ಫೋನ್ ಬಂದ್ರೆ ಸಾಕು, ಎದ್ದು ಹಾಸ್ಟೆಲ್ ಕಾರಿಡಾರಿನ ಆ ತುದಿಗೆ ಹೋಗಿಬಿಡ್ತಿದ್ದ. ಯಾವುದೋ ಲವ್ ಕೇಸು ಅಂತ ನಾವೆಲ್ಲ ರೇಗಿಸಿದ್ದೇ ರೇಗಿಸಿದ್ದು. ಆಮೇಲೆ ಗೊತ್ತಾಯ್ತು, ಮಾತಾಡ್ತಿದ್ದದ್ದು ಅವರಮ್ಮನ ಜೊತೆ, ಲಂಬಾಣಿಯಲ್ಲಿ. ನಮ್ಮೆದುರಿಗೆ ಆ ಭಾಷೆ ಆಡೋಕೆ ಅವನಿಗೆ ನಾಚಿಕೆ.

ಅವನು ಮತ್ತೆ ನೆನಪಾಗಿದ್ದು ಆಸ್ಟ್ರೇಲಿಯಾದ ಒಂದು ರಾಕ್ ಬ್ಯಾಂಡ್ ಬಗ್ಗೆ ಓದುವಾಗ. ಹೆಸರು ಯೋತು ಯಿಂಡಿ. ಮಗು ಮತ್ತು ತಾಯಿ ಅಂತ ಅರ್ಥ. ದೇಶದ ಉತ್ತರ ತುದಿಯ ಆರ್ನ್‌ಹೆಮ್ ಲ್ಯಾಂಡಿನ ಮೂಲನಿವಾಸಿಗಳಾದ ಯೋಲ್ಂಗು ಜನ, ಕೆಲವು ಬಿಳಿಯ ವಾದಕರನ್ನ ಸೇರಿಸಿಕೊಂಡು 1986ರಲ್ಲಿ ಕಟ್ಟಿದ ತಂಡ. ಎಲೆಕ್ಟ್ರಿಕ್ ಗಿಟಾರಿನ ಪಕ್ಕದಲ್ಲೇ ಯಿಡಕಿ ಅನ್ನೋ ಉದ್ದನೆಯ ಮರದ ಊದುವಾದ್ಯ, ಬಿಲ್ಮಾ ಅನ್ನೋ ತಾಳದ ಕೋಲುಗಳು. ಒಂದೇ ಹಾಡಿನಲ್ಲಿ ಒಂದಿಷ್ಟು ಇಂಗ್ಲಿಷ್, ಒಂದಿಷ್ಟು ಅವರ ಭಾಷೆ. ಆ ಭಾಷೆಗಳನ್ನ ಯೋಲ್ಂಗು ಮಾಥಾ ಅಂತಾರೆ. ಮಾಥಾ ಅಂದ್ರೆ ನಾಲಿಗೆ, ಮಾತು! (ಕನ್ನಡಕ್ಕೂ ಅದಕ್ಕೂ ನೆಂಟಸ್ತನ ಇಲ್ಲ, ಕಾಕತಾಳೀಯ ಅಷ್ಟೆ. ಆದ್ರೂ ಖುಷಿಯಾಗುತ್ತೆ ಅಲ್ವಾ?)

ಮುಖ್ಯ ಗಾಯಕ ಮಂಡವುಯ್ ಯುನುಪಿಂಗು ಶಾಲಾ ಮೇಷ್ಟ್ರು, ಮುಂದೆ ಅದೇ ಊರಿನ ಶಾಲೆಗೆ ಪ್ರಾಂಶುಪಾಲ. 1988ರಲ್ಲಿ ಪ್ರಧಾನಿ ಬಾಬ್ ಹಾಕ್, ಮೂಲನಿವಾಸಿಗಳ ಜೊತೆ ಒಂದು ಒಪ್ಪಂದ ಮಾಡ್ಕೊಳ್ತೀವಿ ಅಂತ ಮಾತು ಕೊಟ್ಟರು. ಆಗಲಿಲ್ಲ. ಆ ಸಿಟ್ಟಲ್ಲೇ 1991ರಲ್ಲಿ ಬಂದ ಹಾಡು ‘ಟ್ರೀಟಿ’, ಅಂದ್ರೆ ಒಪ್ಪಂದ. ಮೊದಲು ಅಷ್ಟೇನೂ ಓಡಲಿಲ್ಲ. ಮೆಲ್ಬರ್ನಿನ ಡಿಜೆಗಳು ರೀಮಿಕ್ಸ್ ಮಾಡಿದ ಮೇಲೆ ಡಾನ್ಸ್ ಕ್ಲಬ್ಬುಗಳಲ್ಲಿ ಧೂಳೆಬ್ಬಿಸಿ, ದೇಶದ ಹಿಟ್ ಹಾಡುಗಳ ಪಟ್ಟಿಯಲ್ಲಿ 11ನೇ ಸ್ಥಾನ ಮುಟ್ಟಿತು. ವಿಚಿತ್ರ ಏನ್ ಗೊತ್ತಾ? ಆ ರೀಮಿಕ್ಸಿನಲ್ಲಿ ಇಂಗ್ಲಿಷ್ ಸಾಲುಗಳಿಗೇ ಹೆಚ್ಚುಪಾಲು ಕತ್ತರಿ. ಸರ್ಕಾರದ ಮಾತನ್ನ ಕೆಣಕಿದ್ದದ್ದು ಆ ಸಾಲುಗಳೇ! ಯಾರೂ ಕೇಳದಿದ್ದ ಭಾಷೆಗೆ ಇಡೀ ದೇಶ ಕುಣೀತು. ಆದ್ರೆ ಅವರ ತಕರಾರು ಮಾತ್ರ ಕಿವಿಗೆ ಬೀಳಲಿಲ್ಲ. ಇದನ್ನ ಗೆಲುವು ಅನ್ನಬೇಕೋ ಸೋಲು ಅನ್ನಬೇಕೋ, ನನಗಿನ್ನೂ ತೀರ್ಮಾನ ಆಗಿಲ್ಲ.

ನಮ್ಮಲ್ಲೂ ಇದೆಯಲ್ಲ ಅಂತೀರಾ? ಇದೆ. ಲಕ್ಷ್ಮೇಶ್ವರದಿಂದ ಅಷ್ಟೇನೂ ದೂರವಿಲ್ಲದ ಶಿಶುನಾಳದ ಶರೀಫಜ್ಜನ ಪದಗಳನ್ನ ರಘು ದೀಕ್ಷಿತ್ ಗಿಟಾರಿಗೆ ಕೂಡಿಸಿದರು. 2008ರ ಅವರ ಆಲ್ಬಮ್ಮಿನಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇವೆ. ಚೆನ್ನಾಗಿದೆ. ಆದ್ರೆ ಕನ್ನಡಕ್ಕೆ ಒಂದು ಸರ್ಕಾರ ಇದೆ, ಶಾಲೆ ಇದೆ, ಸಂವಿಧಾನದ ಎಂಟನೇ ಅನುಸೂಚಿಯಲ್ಲಿ ಜಾಗ ಇದೆ. ಗದಗ ಜಿಲ್ಲೆಯಲ್ಲಿ ಯೋಲ್ಂಗು ಮಾಥಾದ ಜಾಗದಲ್ಲಿ ನಿಂತಿರೋದು ಮುಂಡರಗಿ, ಶಿರಹಟ್ಟಿ ತಾಂಡಾಗಳ ಲಂಬಾಣಿ. ಅದಕ್ಕೆ ಸ್ವಂತ ಲಿಪಿ ಇಲ್ಲ. ಇಲ್ಲಿ ಬರೆದ್ರೆ ಕನ್ನಡದಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ. 2011ರ ಜನಗಣತಿಯಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ಲಂಬಾಣಿ ನಮ್ಮ ತಾಯ್ನುಡಿ ಅಂದರು. ಅಷ್ಟೂ ಜನರನ್ನ ಸೇರಿಸಿದ್ದು ಎಲ್ಲಿಗೆ? ಹಿಂದಿ ಅನ್ನೋ ತಲೆಬರಹದ ಕೆಳಗೆ. ಹಿಂದಿ ಹೇರಿಕೆ ಬಗ್ಗೆ ಸ್ಟುಡಿಯೋದಲ್ಲಿ ಎಷ್ಟು ರಾತ್ರಿ ಗಂಟಲು ಹರಿದುಕೊಂಡಿದ್ದೀನೋ ಲೆಕ್ಕ ಇಲ್ಲ. ಈ ಪಟ್ಟಿ ಇಟ್ಟುಕೊಂಡು ಒಂದೇ ಒಂದು ಚರ್ಚೆ ಮಾಡಿಲ್ಲ.

ಹಾಡಿಗಂತೂ ಅಲ್ಲಿ ಬರ ಇಲ್ಲ. ಹೋಳಿ ಬಂತು ಅಂದ್ರೆ ಲೇಂಗಿ ಹಾಡುಗಳು, ನಗಾರಿ, ಕುಣಿತ. ದುಡಿಯೋಕೆ ಗೋವಾ, ಮಂಗಳೂರಿಗೆ ಹೋದವರೂ ಆ ಹೊತ್ತಿಗೆ ತಾಂಡಾಕ್ಕೆ ಬಂದಿರ್ತಾರೆ. ಕಳೆದ ಹೋಳಿಗೆ ನನ್ನ ಗೆಳೆಯ ಒಂದು ವಿಡಿಯೋ ಕಳಿಸಿದ್ದ. ಹೆಂಗಸರು ಹಾಡ್ತಿದ್ದಾರೆ, ಹಿಂದೆ ಒಬ್ಬ ಹುಡುಗ ಕೀಬೋರ್ಡ್ ನುಡಿಸ್ತಿದ್ದಾನೆ. ಅರ್ಥ ಏನಪ್ಪಾ ಅಂತ ಕೇಳಿದೆ. ಎರಡು ಸಾಲು ಇಂಗ್ಲಿಷಲ್ಲಿ ಟೈಪ್ ಮಾಡಿ, ಕೆಳಗೆ ಹಾಕಿದ್ದ: ‘ಉಳಿದದ್ದು ತಾಂಡಾಕ್ಕ ಬಂದು ಕೇಳಲೇ.’