ಮೇಸ್ತ್ರಿಯ ಕೈಯಾಳು

ಕೊಯ್ಲಿಗೆ ಮೊದಲು ಕಣ ಸಿದ್ಧವಾಗಬೇಕೆಂಬ ಅವಸರ ನಮ್ಮ ಬೆಳೆಗಾರ ಬಾಂಧವರಿಗೆಲ್ಲ ಇದ್ದದ್ದೇ. ಮೇಸ್ತ್ರಿಯನ್ನು ಗೊತ್ತುಮಾಡುತ್ತೇವೆ, ಸಿಮೆಂಟು, ಮರಳು, ಜಲ್ಲಿ ತರಿಸುತ್ತೇವೆ. ಮೇಸ್ತ್ರಿಯ ಹಿಂದೆ ಬರುವ ಕೈಯಾಳಿನ ಹೆಸರನ್ನು ಮಾತ್ರ ನಮ್ಮಲ್ಲಿ ಅನೇಕರು ಕೇಳುವುದಿಲ್ಲ. ‘ಹೆಲ್ಪರ್’ ಎಂದರೆ ಆಯಿತು.

ಅವನ ದಿನ ಮೇಸ್ತ್ರಿಗಿಂತ ಮೊದಲೇ ಆರಂಭ. ಮರಳು ಜರಡಿ ಹಿಡಿಯಬೇಕು, 50 ಕಿಲೋ ತೂಕದ ಚೀಲ ಹೊರಬೇಕು, ಕಲಸಬೇಕು, ಬಾಂಡ್ಲಿ ತುಂಬಿ ಕೊಡುತ್ತಲೇ ಇರಬೇಕು. ಸಂಜೆ ಮೇಸ್ತ್ರಿ ಕೈ ತೊಳೆದ ಮೇಲೂ ಸಲಿಕೆ, ಕರಣೆ ತೊಳೆದಿಡುವ ಕೆಲಸ ಉಳಿದಿರುತ್ತದೆ. ಕೂಲಿ ಎಲ್ಲರಿಗಿಂತ ಕಡಿಮೆ. ಆದರೆ ನೀರು ಸುರಿಯುವವನು ಅವನೇ, ಮತ್ತು ಕಣದ ಆಯುಷ್ಯವಿರುವುದು ಆ ನೀರಿನಲ್ಲಿ. ಒಂದು, ಎರಡು, ನಾಲ್ಕರ ಪ್ರಮಾಣದ ಕಾಂಕ್ರೀಟಿಗೆ ಚೀಲವೊಂದಕ್ಕೆ ನೀರು 30 ಲೀಟರು ಮೀರಬಾರದು; ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ನೀರು ಹೆಚ್ಚಿದಷ್ಟೂ ಎಳೆಯುವುದು ಸುಲಭ. ‘ಬೇಗ ಮುಗಿಸಿ’ ಎಂದು ನಾವು ಕೂಗಿದಾಗ ಅವನು ಇನ್ನೊಂದು ಕೊಡ ಸುರಿಯುವುದರಲ್ಲಿ ಆಶ್ಚರ್ಯವೇನಿದೆ? ಆ ಹೆಚ್ಚಿನ ನೀರು ಆರಿಹೋಗಿ ಸಣ್ಣ ಸಣ್ಣ ತೂತು ಉಳಿಯುತ್ತವೆ, ಮೇಲ್ಮೈ ಪುಡಿಯಾಗುತ್ತದೆ, ಆ ಪುಡಿ ಕಾಫಿಗೂ ಅಡಿಕೆಗೂ ಸೇರುತ್ತದೆ.

ನಮ್ಮ ಕಣದಲ್ಲೇ ಆದದ್ದನ್ನು ಹೇಳುತ್ತೇವೆ. ಕಾಂಕ್ರೀಟು ಹಾಕಿದ ಮೂರನೆಯ ದಿನವೇ, ನೀರು ಹಾಕಲು ಒಬ್ಬ ಆಳಿಗೆ ಕೂಲಿ ದಂಡವೆಂದು, ಹುಡುಗನನ್ನು ಅಡಿಕೆ ಹೊರಲು ಕಳುಹಿಸಿದೆವು. ಈಗ ಹೆಚ್ಚಾಗಿ ಸಿಗುವ ಪೊಝೊಲಾನಾ ಸಿಮೆಂಟಿಗೆ ಕನಿಷ್ಠ 10 ದಿನ ತೇವ ಆರದಂತೆ ನೋಡಿಕೊಳ್ಳಬೇಕು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಣ ಹಪ್ಪಳದಂತೆ ಎದ್ದಿತು. ನಾವು ಮೊದಲು ಸಿಮೆಂಟನ್ನು ಬೈದೆವು, ಆಮೇಲೆ ಮೇಸ್ತ್ರಿಯನ್ನು.

ಮತ್ತೆ ಕಣ ಮಾಡಿಸಿದಾಗ ಅದೇ ಹುಡುಗ ಬಂದ. ಬೆರಳ ಸಂದುಗಳೆಲ್ಲ ಹುಣ್ಣು. ಒದ್ದೆ ಸಿಮೆಂಟಿನ ಸುಣ್ಣದ ಕ್ಷಾರ ಚರ್ಮವನ್ನು ಮೆಲ್ಲಗೆ ಸುಡುತ್ತದೆ. ಉರಿ ತಿಳಿಯುವ ಹೊತ್ತಿಗೆ ಗಾಯ ಆಗಿರುತ್ತದೆ. ಸಂಜೆ ಕೊಬ್ಬರಿ ಎಣ್ಣೆ ಹಚ್ಚಿದರೆ ಸಾಕೆಂಬುದು ರೂಢಿ. ಅದು ಸಾಲದು. ರಬ್ಬರು ಕೈಚೀಲ, ಗಮ್‌ಬೂಟು ಕೊಟ್ಟು, ಕೆಲಸದ ನಡುವೆಯೇ ತೊಳೆದುಕೊಳ್ಳಲು ಒಳ್ಳೆಯ ನೀರನ್ನು ಹತ್ತಿರ ಇಡಬೇಕು. ಔಷಧಿ ಸಿಂಪಡಿಸಲು ತಂದ ಬೂಟು ಹೇಗೂ ನಮ್ಮ ಮನೆಯಲ್ಲಿರುತ್ತದೆ, ತೊಳೆದು ಕೊಟ್ಟರಾಯಿತು.

ಇನ್ನೊಂದು ವಿಷಯ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು 18 ವರ್ಷ ತುಂಬಿರಬೇಕು, 60 ಮೀರಿರಬಾರದು. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು. 1996ರ ಕಾಯಿದೆಯಿಂದ ಬಂದ ಕ್ರಮವಿದು. ನಮ್ಮಲ್ಲಿ ಆರು ದಿನ, ಪಕ್ಕದ ತೋಟದಲ್ಲಿ ನಾಲ್ಕು ದಿನ ದುಡಿಯುವವನ 90 ದಿನವನ್ನು ಎಣಿಸುವವರಾರು? ಈ ಸಲ ನಾವು ಅವನ ಹೆಸರು, ತಾರೀಖು, ಮಾಡಿದ ಕೆಲಸವನ್ನು ಬರೆದು ರುಜು ಹಾಕಿ ಕೊಟ್ಟೆವು. ಅವನ ಕೈಗೆ ಸೇರಿದ ಮೊದಲ ಚೀಟಿ ಅದು. ಉಳಿದ ದಿನಗಳ ಚೀಟಿ ಇನ್ನೂ ಬರಬೇಕಾಗಿದೆ. ಆ ಕಣಗಳೂ ನಮ್ಮ ಸಂಘದ ಸದಸ್ಯರವೇ.