ದಿನ ತುಂಬದ ಕೂಸಿನ ಉಸಿರು

ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಶ್ವಾಸಕೋಶ ಬಲಿತಿರುವುದಿಲ್ಲ. ಅದನ್ನು ಬದುಕಿಸುವ ಆಮ್ಲಜನಕ, ಉಸಿರಾಟದ ಯಂತ್ರಗಳಿಂದಲೇ ಆ ಎಳೆಯ ಅಂಗ ಘಾಸಿಗೊಂಡು, ತಿಂಗಳುಗಟ್ಟಲೆ ಕಾಡುವ ರೋಗ ನೆಲೆಯೂರುವುದುಂಟು. ಉಬ್ಬಸದವರು ಸೇದುವ ಸ್ಟೆರಾಯ್ಡ್ ಇದನ್ನು ತಡೆಯದೇ ಎಂದು ವಿಕ್ರೋಳಿಯ ನಮ್ಮ ತಾಯಂದಿರು ಕೇಳಬಹುದು.

28 ವಾರಕ್ಕೆ ಮೊದಲೇ ಹುಟ್ಟಿದ 863 ಶಿಶುಗಳ ಪರೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಔಷಧವಿಲ್ಲದವರಲ್ಲಿ ನೂರಕ್ಕೆ 38 ಮಂದಿಗೆ ತಗುಲಿದ ರೋಗ, ಔಷಧ ಪಡೆದವರಲ್ಲಿ ಸುಮಾರು 28 ಮಂದಿಗಷ್ಟೇ ತಗುಲಿತು. ಆದರೆ 2018ರ ವರದಿಯಂತೆ, ಎರಡು ವರ್ಷದೊಳಗೆ ತೀರಿಕೊಂಡವರು ಔಷಧ ಪಡೆದವರಲ್ಲೇ ಹೆಚ್ಚು: ನೂರಕ್ಕೆ 19.9, ಪಡೆಯದವರಲ್ಲಿ 14.5. ಅದನ್ನು ಕೊಡಲು ವೈದ್ಯರು ಹಿಂಜರಿದರೆ ಅದು ತಾತ್ಸಾರವಲ್ಲ, ಎಚ್ಚರ.

ಅದೇ ಜಾತಿಯ ಔಷಧವನ್ನು ಹೆರಿಗೆಗೆ ಮೊದಲೇ ತಾಯಿಗೆ ಚುಚ್ಚಿದರೆ ಫಲ ಬೇರೆ. ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜೂ ಪಾಲುಗೊಂಡ, 2020ರಲ್ಲಿ ಪ್ರಕಟವಾದ ಐದು ದೇಶಗಳ ಪರೀಕ್ಷೆಯಲ್ಲಿ, ಚುಚ್ಚುಮದ್ದಿಲ್ಲದೆಡೆ ಹಸುಗೂಸುಗಳ ಸಾವು ನೂರಕ್ಕೆ 23.5, ಕೊಟ್ಟೆಡೆ 19.6. ಆದರೆ ಮದ್ದು ಕೆಲಸ ಮಾಡಲು ಹೊತ್ತು ಬೇಕು.

ಹೆರಿಗೆಗೆ ತವರಿಗೆ ಹೊರಟ ಸೋದರಿಯರೇ, ದಿನಕ್ಕೆ ಮುಂಚೆ ನೋವು ಕಾಣಿಸಿದರೆ ಊರಿನ ರೈಲನ್ನು ಕಾಯದಿರಿ. ಸಾಯನ್ನಿನ ಲೋಕಮಾನ್ಯ ತಿಲಕ ಆಸ್ಪತ್ರೆಯಂಥ, ಹಸುಗೂಸುಗಳ ಆರೈಕೆ ವಿಭಾಗವಿರುವ ಆಸ್ಪತ್ರೆಗೆ ಒಡನೆ ಹೋಗಿರಿ.