ಲಾಗೌಟ್ ಆದಮೇಲೂ ಓಡುವ ಪ್ರೋಗ್ರಾಮು

ಎಸ್‌ಎಸ್‌ಎಚ್ ಮೂಲಕ ಲಿನಕ್ಸ್ ಸರ್ವರ್‌ಗೆ ಹೋಗಿ, ರಾತ್ರಿಯಿಡೀ ಓಡಬೇಕಾದ ಬ್ಯಾಕಪ್ ಶುರುಮಾಡಿದ್ದೀರಿ. ಲಾಗೌಟ್ ಮಾಡಿದರೆ ಅದು ನಿಂತುಹೋಗುತ್ತದೆಯೇ? ನಾಲ್ವರನ್ನು ಕೇಳಿದರೆ ನಾಲ್ಕು ಉತ್ತರ ಸಿಗುತ್ತದೆ.

ತಪ್ಪು ಕಲ್ಪನೆ: ಲಾಗೌಟ್ ಆದರೆ ಎಲ್ಲವೂ ಸಾಯುತ್ತದೆ.

ಸತ್ಯ: ಸಾಮಾನ್ಯವಾಗಿ ಕೊಲ್ಲುವುದು ಸಿಗ್‌ಹಪ್ ಎಂಬ 1ನೇ ನಂಬರಿನ ಸಿಗ್ನಲ್. ಟೆಲಿಫೋನ್ ಮೋಡೆಮ್‌ಗಳ ಕಾಲದಲ್ಲಿ ಲೈನ್ ಕಟ್ಟಾಯಿತೆಂದು ತಿಳಿಸಲು ಹುಟ್ಟಿದ್ದು ಇದು. ಸಂಪರ್ಕ ಕಡಿದರೆ ಕರ್ನಲ್ ಇದನ್ನು ಶೆಲ್‌ಗೆ ಕಳಿಸುತ್ತದೆ. ಬ್ಯಾಶ್ ಶೆಲ್ ತಾನು ಮುಗಿಯುವ ಮುನ್ನ ತನ್ನ ಎಲ್ಲ ಜಾಬ್‌ಗಳಿಗೂ ಅದನ್ನೇ ದಾಟಿಸುತ್ತದೆ. ಆದರೆ ನೀವೇ ಎಕ್ಸಿಟ್ ಎಂದು ಟೈಪ್ ಮಾಡಿ ಹೊರಬಂದರೆ, ಹಿನ್ನೆಲೆಯಲ್ಲಿ ಓಡುತ್ತಿರುವ ಜಾಬ್‌ಗಳಿಗೆ ಬ್ಯಾಶ್ ಏನನ್ನೂ ಕಳಿಸುವುದಿಲ್ಲ. ಕಳಿಸುವಂತೆ ಮಾಡುವ ಹಪ್‌ಆನ್‌ಎಕ್ಸಿಟ್ ಆಯ್ಕೆ ಮೊದಲಿನಿಂದಲೇ ಆಫ್ ಇರುತ್ತದೆ. ಹಾಗಾಗಿ & ಹಾಕಿ ಹಿನ್ನೆಲೆಯಲ್ಲಿ ಓಡಿಸಿದ ಅದೇ ಕಮಾಂಡ್ ನಿನ್ನೆ ಎಕ್ಸಿಟ್ ಕೊಟ್ಟಾಗ ಬದುಕಿ, ಇವತ್ತು ವೈಫೈ ಹೋದಾಗ ಸಾಯಬಹುದು. ಈ ವಿಷಯದಲ್ಲಿ ವಾದ ಮುಗಿಯದಿರುವುದೂ ಇದಕ್ಕೇ: ವಾದಿಸುವ ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿರುತ್ತಾರೆ.

ತಪ್ಪು ಕಲ್ಪನೆ: ನೋಹಪ್ ಹಾಕಿದರೆ ಪ್ರೋಗ್ರಾಮು ಹಿನ್ನೆಲೆಗೆ ಹೋಗುತ್ತದೆ.

ಸತ್ಯ: ಹೋಗುವುದಿಲ್ಲ. ನೋಹಪ್ ಮಾಡುವುದು ಮುಖ್ಯವಾಗಿ ಎರಡು ಕೆಲಸ: ಸಿಗ್‌ಹಪ್‌ಗೆ ಕಿವಿಗೊಡದಂತೆ ಮಾಡುವುದು, ಪರದೆಗೆ ಬರಬೇಕಾದ ಔಟ್‌ಪುಟ್ಟನ್ನು ಒಂದು ಫೈಲಿಗೆ ತಿರುಗಿಸುವುದು. ಹಿನ್ನೆಲೆಗೆ ಕಳಿಸಲು ಕೊನೆಯಲ್ಲಿ & ನೀವೇ ಹಾಕಬೇಕು. ಶುರುಮಾಡುವಾಗ ಮರೆತರೆ ಕಂಟ್ರೋಲ್-ಝಡ್ ಒತ್ತಿ, ಬಿಜಿ ಕೊಟ್ಟು, ಆಮೇಲೆ ಶೆಲ್ಲಿನ ಜಾಬ್ ಪಟ್ಟಿಯಿಂದ ಅದನ್ನು ಬಿಡಿಸುವ ಡಿಸೋನ್ ಕೊಡಬಹುದು. ಆದರೆ ಡಿಸೋನ್ ಔಟ್‌ಪುಟ್ಟನ್ನು ತಿರುಗಿಸುವುದಿಲ್ಲ. ಇಲ್ಲದ ಟರ್ಮಿನಲ್‌ಗೆ ಬರೆಯಹೋಗಿ ದೋಷ ಬಂದು ನಿಲ್ಲುವ ಪ್ರೋಗ್ರಾಮುಗಳು ಎಷ್ಟೋ.

ತಪ್ಪು ಕಲ್ಪನೆ: ಟಿಮಕ್ಸ್ ಒಳಗಿದ್ದರೆ ಯಾವ ಭಯವೂ ಇಲ್ಲ.

ಸತ್ಯ: ಬಹುಮಟ್ಟಿಗೆ ನಿಜ, ಪೂರ್ತಿ ಅಲ್ಲ. 1987ರ ಸ್ಕ್ರೀನ್ ಎಂಬ ಪ್ರೋಗ್ರಾಮಾಗಲಿ, 2007ರ ಟಿಮಕ್ಸ್ ಆಗಲಿ, ನಿಮ್ಮ ಪ್ರೋಗ್ರಾಮಿಗೆ ಬೇರೆಯದೇ ಟರ್ಮಿನಲ್ ಕೊಟ್ಟು ತಾವು ಹಿಂದೆ ನಿಲ್ಲುತ್ತವೆ. ಲೈನ್ ಕಡಿದರೆ ಸಾಯುವುದು ನೀವು ನೋಡುವ ಕಿಟಕಿ ಮಾತ್ರ. ಟಿಮಕ್ಸ್‌ನಲ್ಲಿ ಕಂಟ್ರೋಲ್-ಬಿ, ನಂತರ ಡಿ ಒತ್ತಿ ಹೊರಬಂದು, ನಾಳೆ ಮನೆಯಿಂದ ಅಟ್ಯಾಚ್ ಮಾಡಿಕೊಳ್ಳಬಹುದು. ನನ್ನನ್ನು ಕೇಳಿದರೆ ದಿನನಿತ್ಯದ ಕೆಲಸಕ್ಕೆ ಇದೇ ಸಾಕು.

ಆದರೆ ಮೆಷಿನ್ ರೀಬೂಟ್ ಆದರೆ ಟಿಮಕ್ಸ್ ಕೂಡ ಹೋಯಿತು. ಇನ್ನೊಂದು ತೊಡಕು 2016ರಲ್ಲಿ ಬಂತು. ಲಿನಕ್ಸಿನ ಸೇವೆಗಳನ್ನೂ ಲಾಗಿನ್ನುಗಳನ್ನೂ ನೋಡಿಕೊಳ್ಳುವ ಸಿಸ್ಟಮ್‌ಡಿಯ 230ನೇ ಆವೃತ್ತಿ, ಬಳಕೆದಾರ ಲಾಗೌಟ್ ಆದಕೂಡಲೇ ಅವನ ಪ್ರಕ್ರಿಯೆಗಳನ್ನೆಲ್ಲ ಕೊಲ್ಲುವುದನ್ನು ಡೀಫಾಲ್ಟ್ ನಿಯಮವಾಗಿಸಿತು. ಇಲ್ಲಿ ಸಿಗ್‌ಹಪ್‌ನಿಂದ ತಪ್ಪಿಸಿಕೊಂಡರೂ ಉಪಯೋಗವಿಲ್ಲ. ಟಿಮಕ್ಸ್, ನೋಹಪ್ ಎರಡೂ ಬಲಿ. ದೊಡ್ಡ ಗಲಾಟೆಯೇ ಆಯಿತು. ಡೆಬಿಯನ್ ಮುಂತಾದ ಲಿನಕ್ಸ್ ವಿತರಣೆಗಳವರು ಅದನ್ನು ತಮ್ಮಲ್ಲಿ ಆಫ್ ಮಾಡಿಕೊಂಡರು. ನಿಮ್ಮ ಸರ್ವರ್‌ನಲ್ಲಿ ಟಿಮಕ್ಸ್ ಕಾರಣವಿಲ್ಲದೆ ಮಾಯವಾಗುತ್ತಿದ್ದರೆ ಲಾಗಿನ್‌ಡಿ ಕಾನ್ಫಿಗರೇಶನ್ ಫೈಲಿನಲ್ಲಿ ಕಿಲ್‌ಯೂಸರ್‌ಪ್ರಾಸೆಸಸ್ ಎಂಬ ಸಾಲು ನೋಡಿ. ಅದು ಯೆಸ್ ಎಂದಿದ್ದರೆ, ಅಡ್ಮಿನ್ ಹತ್ತಿರ ನಿಮ್ಮ ಖಾತೆಗೆ, ಲಾಗೌಟ್ ಆದಮೇಲೂ ಪ್ರಕ್ರಿಯೆ ಉಳಿಯಲು ಬಿಡುವ ಲಿಂಗರ್ ಆನ್ ಮಾಡಿಸಿ, ಟಿಮಕ್ಸನ್ನು ಸಿಸ್ಟಮ್‌ಡಿ-ರನ್ ಮೂಲಕ ಯೂಸರ್ ಸ್ಕೋಪ್‌ನಲ್ಲಿ ಶುರುಮಾಡಬೇಕು.

ತಪ್ಪು ಕಲ್ಪನೆ: ಎಸ್‌ಎಸ್‌ಎಚ್ ಬದಲಿಗೆ ಮೋಶ್ ಇದ್ದರೆ ಟಿಮಕ್ಸ್ ಬೇಡ.

ಸತ್ಯ: ರೈಲಿನಲ್ಲಿ ನೆಟ್ವರ್ಕ್ ಹೋಗಿ ಬಂದರೂ ಮೋಶ್ ಜಗ್ಗುವುದಿಲ್ಲ. ಆದರೆ ಲ್ಯಾಪ್‌ಟಾಪನ್ನೇ ರೀಸ್ಟಾರ್ಟ್ ಮಾಡಿದರೆ ಆ ಹಳೆಯ ಸೆಷನ್‌ಗೆ ಮರಳುವ ದಾರಿ ಅದರಲ್ಲಿ ಇಲ್ಲ. ಬಲ್ಲವರು ಮೋಶ್ ಒಳಗೆ ಟಿಮಕ್ಸ್ ಓಡಿಸುತ್ತಾರೆ.